ಬಲತೋಳಿನ ಹೊಲಿಗೆ

"ಅಕ್ಕಾ, ನಿನ್ನ ಅಂಗಿಯ ಬಲತೋಳು ಎಡಕ್ಕಿಂತ ಅಗಲ ಇದೆಯಲ್ಲ! ಊರಿಗೆಲ್ಲ ಅಳತೆ ಹಿಡಿಯೋಳು ನೀನೇ ಹಿಂಗೆ ಹೊಲ್ಕೊಂಡ್ರೆ?"

ತಂಗಿ ನಗುತ್ತಲೇ ಕೇಳಿದಳು. ಅಕ್ಕ ನಗಲಿಲ್ಲ. ಕೈಯನ್ನು ಮೇಜಿನ ಕೆಳಗೆ ಸರಿಸಿದಳು.

ಅವರದು ಒಂದೇ ಕೋಣೆಯ ಹೊಲಿಗೆ ಅಂಗಡಿ. ತಂಗಿ ಮಿಷನ್ ತುಳಿಯುವವಳು, ಅಕ್ಕ ಬಟ್ಟೆ ಕತ್ತರಿಸುವವಳು. ತನ್ನ ಕತ್ತರಿಯನ್ನು ಅವಳು ತಂಗಿಗೂ ಮುಟ್ಟಗೊಡುತ್ತಿರಲಿಲ್ಲ. ಬಲಗೈ ಮಣಿಕಟ್ಟು ಊದುತ್ತಾ ಬಂದಂತೆ, ಗುಟ್ಟಾಗಿ ಅಂಗಿಯ ತುಂಬುತೋಳಿನ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಬಿಡುತ್ತಾ ಬಂದಿದ್ದಳು. ಈಗ ಬಿಡಲು ಬಟ್ಟೆಯೇ ಉಳಿದಿರಲಿಲ್ಲ.

ಸಮವಸ್ತ್ರದ ಅಳತೆ ಕೊಡಲು ಬಂದಿದ್ದ ಆರೋಗ್ಯ ಕೇಂದ್ರದ ನರ್ಸ್ ಸುಮ್ಮನಿರಲಿಲ್ಲ. "ಎಲ್ಲಿ, ಕೈ ತೋರ್ಸಿ."

"ಅಯ್ಯೋ, ಏನಿಲ್ಲ ಸಿಸ್ಟರ್, ಒಂದು ಗಡ್ಡೆ. ಹೋದ ವರ್ಷಾನೇ ದೊಡ್ಡಾಸ್ಪತ್ರೇಲಿ ಚೂರು ತೆಗೆದು ಪರೀಕ್ಷೆ ಮಾಡಿದ್ರು. ಕ್ಯಾನ್ಸರ್ ಅಲ್ಲ ಅಂದ್ರು. ಎಣ್ಣೆ ಹಚ್ಚಿ ತಿಕ್ತಾ ಇದೀನಿ, ಕರಗುತ್ತೆ."

"ತಿಕ್ಕಬೇಡಿ! ಕ್ಯಾನ್ಸರ್ ಅಲ್ಲ ಅಂದ್ಮೇಲೆ ಇನ್ನೇನಂದ್ರು?"

ಡಾಕ್ಟರ್ 'ಕ್ಯಾನ್ಸರ್ ಅಲ್ಲ, ಆದರೆ' ಎಂದಿದ್ದರು. ಆ 'ಆದರೆ'ಯಿಂದಾಚೆಗಿನ ಮಾತನ್ನು ಅಕ್ಕ ಯಾರಿಗೂ ಹೇಳಿರಲಿಲ್ಲ.

"ಆಪರೇಷನ್ ಬೇಕು ಅಂದ್ರು," ಎಂದಳು ಮೆಲ್ಲಗೆ. "ಕೈನೇ ತೆಗೆದುಬಿಟ್ರೆ? ಕತ್ತರಿ ಯಾರು ಹಿಡೀತಾರೆ?"

ತಂಗಿಯ ಮಿಷನ್ ನಿಂತಿತು. "ವರ್ಷದಿಂದ ಎದುರಿಗೇ ಕೂತಿದೀನಲ್ಲ ಅಕ್ಕ. ನಂಗೂ ಹೇಳ್ಬಾರದಿತ್ತಾ?"

ಅಕ್ಕ ತೆಗೆದುಕೊಟ್ಟ ಹಳೆಯ ಆಸ್ಪತ್ರೆ ಚೀಟಿಯನ್ನು ನರ್ಸ್ ಓದಿದಳು. "ಇದು ಮೂಳೆ ಗಡ್ಡೆ. ಮೈಯಲ್ಲಿ ಬೇರೆ ಕಡೆ ಹರಡೋದು ಅಪರೂಪ," ಎಂದಳು. "ಆದ್ರೆ ಇದ್ದ ಜಾಗದಲ್ಲೇ ಗೆದ್ದಲು ಥರ ಮೂಳೆ ತಿನ್ನುತ್ತೆ. ಆಪರೇಷನ್ ಮಾಡೋದೇ ಕೈ ಉಳಿಸೋಕೆ. ನಾಳೆನೇ ಹೋಗೋಣ, ನಾನೂ ಬರ್ತೀನಿ."

ಆಸ್ಪತ್ರೆಯಲ್ಲಿ ಡಾಕ್ಟರ್ ಎರಡು ಎಕ್ಸ್‌ರೇಗಳನ್ನು ಪಕ್ಕಪಕ್ಕ ಹಿಡಿದರು. ಹಳೆಯದರಲ್ಲಿ ಮೂಳೆಯ ತುದಿಯಲ್ಲೊಂದು ಕಪ್ಪು ಮಚ್ಚೆ. ಹೊಸದರಲ್ಲಿ ಅದೇ ತುದಿ ಮೊಟ್ಟೆಯ ಸಿಪ್ಪೆಯಷ್ಟು ತೆಳ್ಳಗಾಗಿ, ಒಂದು ಕಡೆ ಒಡೆದೇಹೋಗಿತ್ತು.

"ಹೋದ ವರ್ಷಾನೇ ಆಪರೇಷನ್‌ಗೆ ಬಂದಿದ್ರೆ ಗಡ್ಡೆ ಕೆರೆದು ತೆಗೆದು, ಗುಳಿ ತುಂಬಿಸಿ, ಮಣಿಕಟ್ಟು ಉಳಿಸಬಹುದಿತ್ತೇನೋ ಅಮ್ಮಾ. ಈಗ ಮೂಳೆಯ ಆ ತುದೀನೇ ತೆಗೀಬೇಕು. ಕಾಲಿನಿಂದ ಒಂದು ತುಂಡು ಮೂಳೆ ತಂದು ಜೋಡಿಸ್ತೀವಿ. ಬೆರಳು ಆಡುತ್ತೆ. ಮಣಿಕಟ್ಟು ಮಾತ್ರ ಬಗ್ಗೋದಿಲ್ಲ."

ಅಕ್ಕ ಕತ್ತರಿ ಹಿಡಿದವಳಂತೆ ಗಾಳಿಯಲ್ಲೇ ಒಮ್ಮೆ ಕೈ ಆಡಿಸಿದಳು. ಅಂಗಿಯ ಕೊರಳಿನ ತಿರುವು ಕತ್ತರಿಸಲು ಮಣಿಕಟ್ಟು ಎಷ್ಟು ಬಗ್ಗಬೇಕೆಂದು ಆ ಕೋಣೆಯಲ್ಲಿ ಅವಳಿಗೆ ಮಾತ್ರ ಗೊತ್ತಿತ್ತು.

"ಮಾಡಿ ಡಾಕ್ಟ್ರೇ," ಎಂದಳು. "ಕೈಯಾದ್ರೂ ಇರಲಿ."

ಆಪರೇಷನ್ ಆಗಿ, ಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಹಿಡಿದವು. ಅಂಗಡಿಗೆ ಮರಳಿದ ಅಕ್ಕ ಕತ್ತರಿ ಹಿಡಿದಳು. ನೇರ ಗೆರೆಯಲ್ಲಿ ಅದು ಸಾಗಿತು. ಕೊರಳಿನ ತಿರುವಿನಲ್ಲಿ ನಿಂತುಬಿಟ್ಟಿತು. ಅವಳು ಇನ್ನೊಮ್ಮೆ ಒತ್ತಿ ನೋಡಿದಳು. ಆಮೇಲೆ ಕತ್ತರಿಯನ್ನು ತಂಗಿಯ ಮುಂದಿಟ್ಟಳು.

"ನಾನು ಗೆರೆ ಎಳೆದು ಕೊಡ್ತೀನಿ. ತಿರುವು ನೀನು ಕತ್ತರಿಸು."

ತಂಗಿ ಕಣ್ಣೊರೆಸಿಕೊಂಡಳು. "ಸೊಟ್ಟ ಆದ್ರೆ ಬೈಬಾರ್ದು ಮತ್ತೆ."

"ಬಾಯಿಗೇನೂ ಆಪರೇಷನ್ ಆಗಿಲ್ಲ ಕಣೇ."

ಗಡ್ಡೆ ಮತ್ತೆ ಬರಬಹುದು ಎಂದು ಡಾಕ್ಟರ್ ಹೇಳಿದ್ದಾರೆ. ಹಾಗಾಗಿ ಅಕ್ಕ ತಪಾಸಣೆ ತಪ್ಪಿಸುವುದಿಲ್ಲ. ತಂಗಿಯೂ ಜೊತೆಗೆ ಹೋಗುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಎಲ್ಲರಿಗೂ ಒಂದು ಮಾತು. ಕೀಲಿನ ಬಳಿ ನೋವು, ಊತ ವಾರಗಟ್ಟಲೆ ಇಳಿಯದಿದ್ದರೆ ತಿಕ್ಕಿಸಬೇಡಿ, ಮುಚ್ಚಿಡಬೇಡಿ, ಡಾಕ್ಟರಿಗೆ ತೋರಿಸಿ. 'ಕ್ಯಾನ್ಸರ್ ಅಲ್ಲ' ಎಂದರೆ ಸಮಾಧಾನಪಡಿ, ಆದರೆ ಅಷ್ಟಕ್ಕೇ ಕುರ್ಚಿ ಬಿಟ್ಟು ಏಳಬೇಡಿ. ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೊನೆಯವರೆಗೆ ಕೇಳಿ. ಡಾಕ್ಟರ್ ಹೇಳಿದ ಮಾತು ಪೂರ್ತಿಯಾಗಿ ಮನೆಗೆ ಬರಲಿ.