ಕೆಂಪು ರಬ್ಬರ್ ಬ್ಯಾಂಡು

ಮಾಸ್ಟರಿಗೆ ವಾಸನೆ ಗೊತ್ತಾಗುತ್ತಿರಲಿಲ್ಲ. ಹೆಂಡತಿ ಹಾಲಿನ ಪಾತ್ರೆಯನ್ನು ಮೂಗಿನ ಹತ್ತಿರ ತಂದು, ಒಮ್ಮೆ ಮೂಸಿ, "ಪರವಾಗಿಲ್ಲ" ಎಂದು ಒಲೆಯ ಮೇಲಿಡುವವರೆಗೂ ಅವನು ಖಾಲಿ ಲೋಟ ಹಿಡಿದು ಕಾಯುತ್ತಿದ್ದ. ಮದುವೆಯಾದ ಹೊಸದರಿಂದ ಹೀಗೆಯೇ ನಡೆದುಬಂದಿತ್ತು. ಹಾಲು, ಮೊಟ್ಟೆ, ಹಿಂದಿನ ದಿನದ ಮಾಂಸ, ಒಣಗದ ಅಂಗಿ, ಗ್ಯಾಸಿನ ಒಲೆ, ಎಲ್ಲದಕ್ಕೂ ಅವಳ ಮೂಗೇ ಗತಿ. ಅವಳು ಬೇಕರಿಯ ಹಿಂದಿನ ಕೋಣೆಯಲ್ಲಿ ಹಿಟ್ಟು ನಾದುವವಳು. ಹಿಟ್ಟು ಹುಳಿ ಬಂದಿದೆಯೋ ಇಲ್ಲವೋ ಎಂದು ಬಾಗಿಲಲ್ಲೇ ನಿಂತು ಹೇಳಿಬಿಡುತ್ತಿದ್ದಳು. "ಒಂದು ಸಂಸಾರಕ್ಕೆ ಒಂದು ಮೂಗು ಸಾಕು ಬಿಡಿ," ಎಂದು ಮೊದಮೊದಲು ತಮಾಷೆ ಮಾಡಿದ್ದಳು. ಆ ತಮಾಷೆ ಯಾವಾಗ ನಿಂತಿತು ಎಂದು ಇಬ್ಬರಿಗೂ ನೆನಪಿರಲಿಲ್ಲ.

ಮೂಗು ಹೋದದ್ದು ಬಾಕ್ಸಿಂಗಿನ ಚಾಂಪಿಯನ್ ಬೆಲ್ಟು ಬಂದ ದಿನ. ಎದುರಾಳಿಯ ಒಂದು ಹೊಡೆತ ಕಿವಿಯ ಹಿಂದೆ ಬಿದ್ದಿತ್ತು. ಅವನು ಬೀಳಲಿಲ್ಲ, ಬೀಳಿಸಿದ. ಜನ ಭುಜದ ಮೇಲೆ ಹೊತ್ತು ಕುಣಿದರು, ಅಂದಿನಿಂದ 'ಸುತ್ತಿಗೆ' ಎಂಬ ಹೆಸರು ಅಂಟಿಕೊಂಡಿತು. ಮಾರನೆಯ ಬೆಳಿಗ್ಗೆ ಪೇಪರಿನಲ್ಲಿ ತನ್ನದೇ ಫೋಟೋ ನೋಡುತ್ತ ಕಾಫಿ ಬಾಯಿಗಿಟ್ಟರೆ ಬರೀ ಬಿಸಿನೀರು. ನೆಗಡಿ ಇರಬೇಕು ಅಂದುಕೊಂಡ. ವಾರದ ಮೇಲೆ ಅದೇ ಅಡುಗೆಮನೆಯಲ್ಲಿ ಹಾಲು ಉಕ್ಕಿ, ಹೊತ್ತಿ, ಪಾತ್ರೆಯ ತಳ ಕಪ್ಪಾದರೂ ಅವನು ಪಕ್ಕದಲ್ಲೇ ಕೂತು ಪೇಪರು ತಿರುವುತ್ತಿದ್ದ. ಹೆಂಡತಿ ಕೆಮ್ಮುತ್ತ ಓಡಿಬಂದು ಒಲೆ ಆರಿಸಿದಳು. ಅವತ್ತು ಅವಳಿಗೆ ಗೊತ್ತಾಯಿತು. ಬೇರೆ ಯಾರಿಗೂ ಗೊತ್ತಾಗಲಿಲ್ಲ. ಬಾಕ್ಸಿಂಗ್ ಸಂಘದ ಡಾಕ್ಟರು ವರ್ಷಕ್ಕೊಮ್ಮೆ ತಲೆನೋವು ಇದೆಯಾ, ನಿದ್ದೆ ಬರುತ್ತಾ ಎಂದು ಕೇಳುತ್ತಿದ್ದರು. ಮೂಗಿನ ಮಾತು ಅವರು ಎತ್ತಲಿಲ್ಲ, ಇವನೂ ಎತ್ತಲಿಲ್ಲ. ಎತ್ತಿದ್ದರೆ ಮಿದುಳು ಅಲುಗಾಡಿದೆ ಎಂದು ಬರೆದು, ಗ್ಲೌಸು ಕಳಚಿಸಿ ಮನೆಗೆ ಕಳಿಸುತ್ತಿದ್ದರು.

ಬೆಲ್ಟು ಕೈಬಿಟ್ಟ ಮೇಲೆ ಮೋಟಾರು ರಿಪೇರಿ ಅಂಗಡಿಯ ಮಹಡಿಯಲ್ಲಿ ತರಬೇತಿಯ ಕೋಣೆ ತೆರೆದ. ಬೆಲ್ಟಿನ ಫೋಟೋಗೆ ಗಾಜು ಹಾಕಿಸಿ ಗೋಡೆಗೆ ನೇತುಹಾಕಿದ. ಹೊಸದಾಗಿ ಮೆಟ್ಟಿಲು ಹತ್ತಿ ಬಂದವರು ಮೊದಲು ಮೂಗಿಗೆ ಕೈ ಹಿಡಿಯುತ್ತಿದ್ದರು. ಬೆವರು, ಚರ್ಮದ ಚೀಲ, ಹಳೇ ಶೂ, ಎಲ್ಲದರ ಮೇಲೆ ಭುಜ ತೊಡೆಗೆ ಉಜ್ಜುವ ಕರ್ಪೂರದ ಸ್ಪಿರಿಟ್ಟು. ಅವರು ಮುಖ ಕಿವುಚಿದಾಗ ಮಾಸ್ಟರೂ ಕಿವುಚುತ್ತಿದ್ದ. ಅಷ್ಟು ಕಲಿತಿದ್ದ. ಒಮ್ಮೆ ನೆಲದ ಹಲಗೆಯ ಕೆಳಗೆ ಇಲಿ ಸತ್ತು ಕೊಳೆತಾಗ ಮಾತ್ರ ಸಿಕ್ಕಿಬೀಳುವುದರಲ್ಲಿದ್ದ. ಹುಡುಗರು ಉಸಿರು ಬಿಗಿಹಿಡಿದು, ಕಣ್ಣಲ್ಲಿ ನೀರು ತುಂಬಿಕೊಂಡು ಹಗ್ಗ ಹಾರಿದರು. ಇವನು ಅದೇ ಹಲಗೆಯ ಮೇಲೆ ನಿಂತು ಸೀಟಿ ಊದಿದ. ಕಡೆಗೆ ಕೆಳಗಿನ ಮೆಕ್ಯಾನಿಕ್ಕೇ ಮೇಲೆ ಬಂದು ಹಲಗೆ ಕೀಳಿಸಿದ. ಹುಡುಗರು ಬೇರೆಯೇ ಅರ್ಥ ಮಾಡಿಕೊಂಡಿದ್ದರು. ಮಾಸ್ಟರ್ ಬೇಕಂತಲೇ ಸಹನೆ ಪರೀಕ್ಷೆ ಮಾಡಿದರು, ಎಂಥಾ ಗಟ್ಟಿ ಮನುಷ್ಯ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಅವನು ಇಲ್ಲ ಅನ್ನಲಿಲ್ಲ.

ಅಲ್ಲಿ ಕಲಿತವರಲ್ಲಿ ಒಳ್ಳೆಯವನೆಂದರೆ ಹೆಂಡತಿಯ ತಮ್ಮ. ತೂಕ ಕಡಿಮೆ, ಕಾಲು ಚುರುಕು. ಗುಬ್ಬಿ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಕ್ಕನ ಮನೆಯಲ್ಲೇ ಬೆಳೆದವನು. ಭಾವ ನಿಲ್ಲು ಅಂದರೆ ನಿಲ್ಲುವವನು. ಅವನ ಕೈಗೆ ಮೊದಲ ಸಲ ಗ್ಲೌಸು ಕಟ್ಟಿದ ದಿನ ಅಕ್ಕ ತರಬೇತಿ ಕೋಣೆಗೇ ಬಂದಿದ್ದಳು. "ಇವನನ್ನ ನಿಮ್ಮ ಕೈಗೆ ಕೊಟ್ಟಿದೀನಿ. ಹೋದ ಹಾಗೇ ವಾಪಸ್ ಬರ್ಬೇಕು," ಅಂದಿದ್ದಳು. ಎಲ್ಲರೂ ಕೇಳಲಿ ಎಂದೇ ಗಟ್ಟಿಯಾಗಿ ಅಂದಿದ್ದಳು.

ಗುಬ್ಬಿಗೆ ಬೆಲ್ಟಿನ ಪಂದ್ಯ ನಿಗದಿಯಾದ ಮೇಲೆ ಅವಳು ಗಂಡನ ಮೂಗಿನ ಹಳೆಯ ವಿಷಯ ಮತ್ತೆ ತೆಗೆದಳು.

"ಅವನಿಗೊಬ್ಬನಿಗಾದ್ರೂ ಹೇಳಿ. ರಿಂಗಿನ ಮೂಲೇಲಿ ಅವನ ಜೊತೆ ನೀವು ತಾನೇ ಇರೋದು."

"ಹೇಳಿದ್ರೆ ತನ್ನ ಮೂಗಿನದೇ ಚಿಂತೆ ಹತ್ಕೊಳ್ಳುತ್ತೆ. ಹೆದರಿದವನು ರಿಂಗಲ್ಲಿ ನಿಲ್ಲಲ್ಲ ಕಣೇ."

"ಹೆದರ್ಲಿ ಬಿಡಿ. ನೀವು ಹೆದರಿದ್ರೆ ನಿಮ್ಮ ಮೂಗೂ ಇರ್ತಿತ್ತು."

ಅವನು ಎದ್ದುಹೋದ.

ಆ ವಾರವೇ ಸ್ಪಿರಿಟ್ಟಿನ ಕಂದು ಬಾಟಲಿ ಕೈಜಾರಿ ಒಡೆಯಿತು. ತಳದಲ್ಲಿ ಉಳಿದದ್ದನ್ನು ಒಂದು ಖಾಲಿ ನೀರಿನ ಬಾಟಲಿಗೆ ಸುರಿದುಕೊಂಡ. ಮೂಲೆಯಲ್ಲಿ ಸ್ಪಂಜು ಅದ್ದಲು ಇಟ್ಟುಕೊಳ್ಳುವ ಎರಡು ಬಾಟಲಿಗಳೂ ಅದೇ ಜಾತಿಯವು, ಒಳಗಿನದೂ ಅಷ್ಟೇ ತಿಳಿ. ಗುರುತಿಗೆ ಸ್ಪಿರಿಟ್ಟಿನ ಬಾಟಲಿಯ ಕೊರಳಿಗೆ ಒಂದು ಕೆಂಪು ರಬ್ಬರ್ ಬ್ಯಾಂಡು ಹಾಕಿದ. ಮೂಲೆಯಲ್ಲಿ ಕಣ್ಣು ಹುಡುಗನ ಮುಖದ ಮೇಲೇ ಇರಬೇಕು. ಬಾಟಲಿಯನ್ನು ಹೆಬ್ಬೆರಳಿನಲ್ಲಿ ತಡವಿದರೆ ಸಾಕು, ಬ್ಯಾಂಡು ತಾಗಿದರೆ ಸ್ಪಿರಿಟ್ಟು, ತಾಗದಿದ್ದರೆ ನೀರು. ಬೇರೆ ಬಾಟಲಿ ತನ್ನಿ ಎಂದು ಹೆಂಡತಿ ಅಂದಳು. ಆಯಿತು ಅಂದ. ಬ್ಯಾಂಡು ಏಕೆಂದು ಹುಡುಗರು ಯಾರೂ ಕೇಳಲಿಲ್ಲ. ಮೂಗಿದ್ದವರಿಗೆ ಅದು ಬರೀ ಬ್ಯಾಂಡು.

ಪಂದ್ಯದ ಸಂಜೆ ಅವಳು ಬರಲಿಲ್ಲ. ತಮ್ಮ ಏಟು ತಿನ್ನುವುದನ್ನು ಎಂದೂ ನೋಡಿದವಳಲ್ಲ. ತೊಳೆದು ಮಡಿಸಿದ ಬಿಳಿ ಟವೆಲುಗಳನ್ನು ಚೀಲಕ್ಕೆ ತುಂಬಿ, ಬಾಗಿಲವರೆಗೆ ಬಂದು, ತಮ್ಮನ ಕಾಲರು ಸರಿಮಾಡಿದಳು. ಮೂಗು ಜೋಪಾನ ಕಣೋ ಎಂದಳು ಅವನಿಗೆ. ಗುಬ್ಬಿ ನಕ್ಕು, ಮೂಗು ಮುರಿದರೆ ಭಾವನ ಹಾಗೆ ಚೆನ್ನಾಗೇ ಕಾಣ್ತೀನಿ ಬಿಡಕ್ಕ ಅಂದ. ಮಾಸ್ಟರ್ ಚೀಲ ಹೆಗಲಿಗೇರಿಸಿಕೊಂಡು ಮೆಟ್ಟಿಲಿಳಿದ.

ಬಟ್ಟೆ ಬದಲಿಸುವ ಕೋಣೆಯಲ್ಲಿ ಅವನೇ ಗುಬ್ಬಿಯ ಕೈಗೆ ಪಟ್ಟಿ ಸುತ್ತಿದ, ಭುಜಕ್ಕೆ ಸ್ಪಿರಿಟ್ಟು ಉಜ್ಜಿದ, ಮುಚ್ಚಳ ಬಿಗಿದು ಬೆಂಚಿನ ಮೇಲಿಟ್ಟ. ಅಷ್ಟರಲ್ಲಿ ಗ್ಲೌಸು ಆರಿಸಿಕೊಳ್ಳಲು ಬನ್ನಿ ಎಂದು ಸಂಘದವರು ಕರೆದರು. ಹೋಗಿ ಬರುವಷ್ಟರಲ್ಲಿ ಗುಬ್ಬಿ ಗೋಡೆಗೆ ಗುದ್ದುತ್ತ ಮೈ ಬಿಸಿಮಾಡಿಕೊಳ್ಳುತ್ತಿದ್ದ, ಚೀಲವನ್ನೂ ತುಂಬಿಟ್ಟಿದ್ದ. ಜಾಣ, ಎಂದು ಮಾಸ್ಟರ್ ಬೆನ್ನು ತಟ್ಟಿದ. ಹೊರಗೆ ಹೆಸರು ಕೂಗಿದರು. ಬಾಗಿಲ ಕಡೆ ನೋಡುತ್ತಲೇ ಅವಸರದಲ್ಲಿ ಗ್ಲೌಸು ಹಾಕಿ, ದಾರ ಬಿಗಿದ; ಇಬ್ಬರೂ ಹೊರಟರು.

ಮೂಲೆಯಲ್ಲಿ ಮಾಸ್ಟರ್ ಇನ್ನೊಬ್ಬರನ್ನು ಸೇರಿಸುತ್ತಿರಲಿಲ್ಲ. ಹಳೇ ಕಾಲದ ಮನುಷ್ಯ, ಯಾರ ಕೈಯನ್ನೂ ನಂಬಲ್ಲ ಎಂದು ಜನ ಅನ್ನುತ್ತಿದ್ದರು. ಕುಡಿಯುವ ನೀರು ಫ್ಲಾಸ್ಕಿನಲ್ಲಿ, ಸ್ಪಂಜು ಬಕೆಟ್ಟಿನಲ್ಲಿ, ಬಾಟಲಿಗಳು ಚೀಲದಲ್ಲಿ, ಟವೆಲು ಹೆಗಲ ಮೇಲೆ. ಮೊದಲ ರೌಂಡುಗಳು ಗುಬ್ಬಿಯವೇ. ಎದುರಾಳಿ ದಪ್ಪ ಕುತ್ತಿಗೆಯ, ನಿಧಾನದ ಆಳು. ಗಾಳಿಗೆ ಗುದ್ದಿ ಗುದ್ದಿ ಬೆವತಿದ್ದ. ಒಂದೇ ಒಂದು ಗುದ್ದು ನೆಟ್ಟಗೆ ಬಂದು ಗುಬ್ಬಿಯ ಮೂಗಿನಿಂದ ರಕ್ತ ಸುರಿಯಿತು. ಮಾಸ್ಟರ್ ಎರಡೂ ಹೊಳ್ಳೆಗೆ ಹತ್ತಿ ತುರುಕಿದ. ಬಾಯಲ್ಲೇ ಉಸಿರಾಡು ಅಂದ.

ಐದನೇ ರೌಂಡು ಮುಗಿದಾಗ ಮೊದಲ ಬಾಟಲಿ ಖಾಲಿಯಾಗಿತ್ತು. ಚೀಲಕ್ಕೆ ಕೈ ಹಾಕಿದ. ಸಿಕ್ಕಿದ ಬಾಟಲಿಯ ಕೊರಳನ್ನು ಹೆಬ್ಬೆರಳಿನಲ್ಲಿ ತಡವಿದ. ಬ್ಯಾಂಡು ಇರಲಿಲ್ಲ. ಸ್ಪಂಜಿನ ಮೇಲೆ ಸುರಿದು ಹಣೆ, ಕಣ್ಣು, ಕೆನ್ನೆ ಎಲ್ಲ ಹಿಂಡಿ ಒರೆಸಿದ. ಸ್ಪಂಜು ಎಂದಿಗಿಂತ ತಣ್ಣಗಿತ್ತು. ಒಳ್ಳೆಯದಾಯಿತು ಅಂದುಕೊಂಡ.

"ಭಾವ, ಉರಿ," ಅಂದ ಗುಬ್ಬಿ.

"ಬೆವರು ಕಣೋ. ಉರೀಲಿ."

ಗಂಟೆ ಹೊಡೆಯಿತು. ಗುಬ್ಬಿ ಎದ್ದು ನಡೆದ ರೀತಿಯಲ್ಲೇ ಏನೋ ಕೆಟ್ಟಿತ್ತು. ಯಾವಾಗಲೂ ಕುಪ್ಪಳಿಸಿ ಹೋಗುವವನು ಕತ್ತಲಲ್ಲಿ ಮೆಟ್ಟಿಲು ಹುಡುಕುವವನ ಹಾಗೆ ಕಾಲಿಡುತ್ತಿದ್ದ. ಗ್ಲೌಸಿನ ಹಿಂಬದಿಯಿಂದ ಕಣ್ಣುಜ್ಜಿಕೊಳ್ಳಲು ಕೈ ಎತ್ತಿದ, ಅದೇ ಸಂದಿನಲ್ಲಿ ಏಟು ಬಿತ್ತು. ಮತ್ತೆ ಉಜ್ಜಿಕೊಂಡ, ಮತ್ತೆ ಬಿತ್ತು. ದಪ್ಪ ಕುತ್ತಿಗೆಯವನಿಗೆ ಇಷ್ಟು ಹೊತ್ತು ಸಿಗದಿದ್ದ ಮುಖ ಈಗ ಗೋಡೆಯ ಹಾಗೆ ಸಿಗುತ್ತಿತ್ತು. ಮುಂದೆ ಕೂತಿದ್ದವರು ಎದ್ದು ನಿಂತರು. ಕಾಲು ಆಡಿಸೋ ಎಂದು ಮಾಸ್ಟರ್ ಹಗ್ಗಕ್ಕೆ ಬಡಿದ.

ರೌಂಡು ಮುಗಿದು ಬಂದು ಸ್ಟೂಲಿನ ಮೇಲೆ ಕುಸಿದಾಗ ಗುಬ್ಬಿಯ ಕಣ್ಣುಗಳು ಕೆಂಡವಾಗಿದ್ದವು. ಎಡಗಣ್ಣಿನ ಸುತ್ತ ಊತ ಏರುತ್ತಿತ್ತು. ಮಾಸ್ಟರ್ ಸ್ಪಂಜು ಎತ್ತಿಕೊಂಡ.

"ಬೇಡ ಭಾವ. ನೀರು ಬೇಡ."

"ಸುಮ್ನಿರೋ. ಇದೊಂದು ರೌಂಡು ತಡ್ಕೊಂಡ್ರೆ ಅವನೇ ಬೀಳ್ತಾನೆ."

ಗುಬ್ಬಿ ಮುಖ ತಿರುಗಿಸಿದ. ಮಾಸ್ಟರ್ ಗದ್ದ ಹಿಡಿದು ತನ್ನ ಕಡೆಗೆ ಎಳೆದುಕೊಂಡು, ಬಾಟಲಿಯಲ್ಲಿ ಉಳಿದಿದ್ದನ್ನೆಲ್ಲ ಹಿಂಡಿ, ಟವೆಲಿನಲ್ಲಿ ಒತ್ತಿ ಒರೆಸಿದ. ಹುಡುಗ ಹಲ್ಲು ಕಚ್ಚಿದ. ಮೂಲೆಯಲ್ಲಿ ಅರಚಬಾರದು ಎಂದು ಕಲಿಸಿದ್ದವನೂ ಇವನೇ.

ಏಳನೇ ರೌಂಡಿನಲ್ಲಿ ಗುಬ್ಬಿ ಬಿದ್ದ, ಎದ್ದ. ರೆಫರಿ ಅವನ ಮುಖದ ಹತ್ತಿರ ಬಗ್ಗಿ ಕಣ್ಣು ಕಾಣುತ್ತಾ ಎಂದು ಕೇಳಿದ. ರೆಫರಿ ಏನೇ ಕೇಳಲಿ, ಹೂಂ ಅನ್ನು. ಮೊದಲ ದಿನದಿಂದ ಹೇಳಿಕೊಟ್ಟ ಪಾಠ ಅದು. ಗುಬ್ಬಿ ಹೂಂ ಅಂದ. ರೆಫರಿ ಪಕ್ಕಕ್ಕೆ ಸರಿದ. ಆಮೇಲಿನ ಏಟುಗಳೆಲ್ಲ ಎಡಗಣ್ಣಿನ ಮೇಲೇ ಬಿದ್ದವು. ಮಾಸ್ಟರ್ ಸೋಲೊಪ್ಪಿ ಟವೆಲನ್ನು ರಿಂಗಿನೊಳಗೆ ಎಸೆಯುವ ಹೊತ್ತಿಗೆ ಗುಬ್ಬಿ ಮಂಡಿಯೂರಿ, ನೆಲ ಎಲ್ಲಿದೆ ಎಂದು ಗ್ಲೌಸಿನಲ್ಲಿ ತಡವುತ್ತಿದ್ದ.

ಕೋಣೆಯ ಬೆಂಚಿನ ಮೇಲೆ ಮಲಗಿಸಿ ಗ್ಲೌಸು ಬಿಚ್ಚಿದ. ಆಂಬುಲೆನ್ಸು ಬರುತ್ತಿದೆ ಎಂದು ಯಾರೋ ಬಾಗಿಲಲ್ಲಿ ಹೇಳಿ ಹೋದರು. ಬಲಗೈ ಪಟ್ಟಿ ಕತ್ತರಿಸಿದ. ಎಡಗೈ ಹಿಡಿದುಕೊಂಡ. ಮಣಿಕಟ್ಟಿನ ಮೇಲೆ, ಪಟ್ಟಿಯ ತುದಿಯನ್ನು ಹಿಡಿದುಕೊಂಡು, ಕೆಂಪು ರಬ್ಬರ್ ಬ್ಯಾಂಡು ಇತ್ತು.

ಕತ್ತರಿ ನಿಂತದ್ದು ಗುಬ್ಬಿಗೆ ತಿಳಿಯಿತು. ಮುಚ್ಚಿದ ಕಣ್ಣಲ್ಲೇ ಹೇಳಿದ:

"ಅದಾ? ನೀವು ಆಚೆ ಹೋದಾಗ ಪಟ್ಟಿಯ ಟೇಪು ಬಿಟ್ಕೊಂಡ್ತು ಭಾವ. ಬಾಟ್ಲಿ ಮೇಲಿತ್ತು, ಹಾಕ್ಕೊಂಡೆ. ತಪ್ಪಾಯ್ತಾ?"

"ಇಲ್ಲ," ಅಂದ ಮಾಸ್ಟರ್.

ಬ್ಯಾಂಡನ್ನು ಬಿಡಿಸಿ ಜೇಬಿಗೆ ಹಾಕಿಕೊಂಡ. ಖಾಲಿ ಬಾಟಲಿಯನ್ನು ಮೂಗಿನ ಹತ್ತಿರ ಹಿಡಿದ. ಏನೂ ಇಲ್ಲ. ಚೀಲದಲ್ಲಿ ಇನ್ನೊಂದು ಬಾಟಲಿ ತುಂಬಿಯೇ ಇತ್ತು. ಮುಚ್ಚಳ ತೆಗೆದು ಒಂದು ಹನಿ ನಾಲಿಗೆಗೆ ಹಾಕಿಕೊಂಡ. ನೀರು.

ಆಸ್ಪತ್ರೆಯಲ್ಲಿ ಕಣ್ಣಿನ ಡಾಕ್ಟರು ಹೊರಗೆ ಬಂದು, ಗುದ್ದು ಬಿದ್ದು ಎಡಗಣ್ಣಿನ ಒಳಪರೆ ಹರಿದಿದೆ, ಉಳಿಯುವುದು ಕಷ್ಟ ಎಂದರು. ಆಮೇಲೆ ಇನ್ನೊಂದು ಕೇಳಿದರು. ಎರಡೂ ಕಣ್ಣಿನ ಮೇಲ್ಪದರ ಸುಟ್ಟ ಹಾಗಿದೆ, ಏನಾದರೂ ಬಿದ್ದಿತ್ತೇ? ಹೆಂಡತಿ ಬೇಕರಿಯ ಒಲೆಯ ಮುಂದಿನಿಂದ ಹಾಗೆಯೇ ಬಂದವಳು, ಮೊಳಕೈವರೆಗೆ ಹಿಟ್ಟು, ಗಂಡನ ಮುಖ ನೋಡಿದಳು.

"ಬೆವರು," ಅಂದ ಮಾಸ್ಟರ್.

ಡಾಕ್ಟರು ತಲೆಯಾಡಿಸಿ ಒಳಗೆ ಹೋದರು.

ಮಾರನೆಯ ದಿನ ಮಧ್ಯಾಹ್ನ ಅವಳು ಒಗೆಯಲೆಂದು ಚೀಲ ಬಿಚ್ಚಿದಳು. ಅವನು ಬಾಗಿಲಲ್ಲಿ ನಿಂತಿದ್ದ. ಬೆಳಿಗ್ಗೆಯೇ ಆ ಚೀಲವನ್ನು ಎಲ್ಲಿಗಾದರೂ ಒಯ್ದು ಎಸೆದುಬಿಡಬೇಕೆಂದು ಎರಡು ಸಲ ಎತ್ತಿದ್ದ, ಎರಡು ಸಲ ಇಳಿಸಿದ್ದ. ವಾಸನೆ ಬಟ್ಟೆಯಲ್ಲಿ ಇಷ್ಟು ಹೊತ್ತು ಉಳಿಯುತ್ತದೋ ಇಲ್ಲವೋ ಅವನಿಗೆ ಗೊತ್ತಿರಲಿಲ್ಲ. ಕೇಳಲು ಅವಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಅವಳು ರಕ್ತದ ಕಲೆಯ ಟವೆಲನ್ನು ಬಕೆಟ್ಟಿಗೆ ಹಾಕುವವಳು ನಡುವೆ ನಿಂತಳು. ಮೇಲೆತ್ತಿದಳು. ಬೇಕರಿಯಲ್ಲಿ ಹಿಟ್ಟಿಗೆ ಮಾಡುವ ಹಾಗೆ, ಕಣ್ಣು ಮುಚ್ಚಿ ಒಮ್ಮೆ ಮೂಸಿದಳು. ಮಡಿಕೆ ಬಿಚ್ಚಿ ಇನ್ನೊಂದು ಕಡೆ ಮೂಸಿದಳು.

"ಇದ್ರಲ್ಲಿ ಅವನ ಕಣ್ಣು ಒರೆಸಿದ್ರಾ?"

ಅವನ ಕೈ ಜೇಬಿಗೆ ಹೋಯಿತು. ಬ್ಯಾಂಡನ್ನು ಬೆರಳಿಗೆ ಸುತ್ತಿಕೊಂಡ, ಬಿಚ್ಚಿದ. ಅವಳು ಕಾದಳು. ಆಮೇಲೆ ಟವೆಲನ್ನು ಬಕೆಟ್ಟಿಗೆ ಬಿಟ್ಟು, ನಲ್ಲಿ ತಿರುಗಿಸಿ, ಬಕೆಟ್ಟು ತುಂಬಿ ನೀರು ನೆಲಕ್ಕೆ ಹರಿಯುವವರೆಗೂ ಹಾಗೆಯೇ ನಿಂತಿದ್ದಳು.

ಅವಳು ಗಲಾಟೆ ಮಾಡಲಿಲ್ಲ, ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಎಂದಿನಂತೆ ಎದ್ದು ಹಾಲಿನ ಪಾತ್ರೆಯನ್ನು ತೆಗೆದು ನೇರ ಒಲೆಯ ಮೇಲಿಟ್ಟಳು. ಮೂಸಲಿಲ್ಲ. ಲೋಟಕ್ಕೆ ಬಗ್ಗಿಸಿ ಅವನ ಮುಂದಿಟ್ಟು, ತಮ್ಮನಿಗೆ ಊಟದ ಡಬ್ಬಿ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟಳು. ಬಾಗಿಲು ಮೆಲ್ಲಗೆ ಮುಚ್ಚಿಕೊಂಡಿತು.

ಅವನು ಲೋಟವನ್ನು ಮೂಗಿನ ಹತ್ತಿರ ತಂದ. ಬಿಸಿ ಹಬೆ ಮಾತ್ರ ತಾಗಿತು. ಒಲೆಯ ಗುಂಡಿ ಆರಿದೆಯೇ ಎಂದು ಎದ್ದುಹೋಗಿ ಕೈಯಿಂದ ತಿರುಗಿಸಿ ನೋಡಿದ, ಮತ್ತೆ ಬಂದು ಕೂತ, ಮತ್ತೆ ಎದ್ದ.

ಒಂದು ಪಂದ್ಯ, ಒಂದು ಕಣ್ಣು, ಈಗ ಸಂಸಾರದ ಆ ಒಂದು ಮೂಗೂ ಹೋಗಿತ್ತು.