ಎರಡು ಕೂಗಿನ ಬಾವಲಿ

“ಆ ಮನೀಷಾ ಅನ್ನೋ ಹುಡುಗಿಗೆ ಏನ್ ಮಾಡಿದ್ರಿ ನೀವು?”

ಹೈದರಾಬಾದಿನ ಸಂಶೋಧನಾ ಕೇಂದ್ರವೊಂದರ ಸಂದರ್ಶನದಲ್ಲಿ ಪ್ರೊಫೆಸರ್ ಜಹೀರುದ್ದೀನ್ ಹೀಗೆ ಕೇಳಿದಾಗ ಪೂನಂ ಕಕ್ಕಾಬಿಕ್ಕಿಯಾದಳು. ಬಾವಲಿಗಳ ಹಿಂದೆ ಹತ್ತು ವರ್ಷ ಅಲೆದು, ವಿಜ್ಞಾನಿಯ ಹುದ್ದೆಗೆ ಅರ್ಜಿ ಹಾಕಿದವಳು ಅವಳು. ರೆಕ್ಕೆ, ಕಿವಿ, ವಂಶವಾಹಿ, ಏನು ಕೇಳಿದರೂ ಉತ್ತರ ನಾಲಿಗೆಯ ತುದಿಯಲ್ಲಿತ್ತು. ಹೀಗೆ ಯಾವುದೋ ಹುಡುಗಿಯ ಬಗ್ಗೆ ಯಾರಾದರೂ ತಯಾರಿ ಮಾಡಿಕೊಂಡು ಹೋಗುತ್ತಾರೆಯೇ?

ಪ್ರೊಫೆಸರರು ಮೂಲತಃ ಚಿಟಗುಪ್ಪದ ಕಡೆಯವರು. ಸಿಟ್ಟು ಬಂದರೆ ಇಂಗ್ಲಿಷ್ ಬಿಟ್ಟು ಊರ ಮಾತಿಗೆ ಇಳಿಯುತ್ತಿದ್ದರು. “ತೊಂಬತ್ತೈದರಾಗ ಮನೀಷಾ ಹುಮನಾಬಾದ ಅಂತ ಒಬ್ಬಾಕಿ ಬರದಿದ್ಲು. ಕಲ್ಯಾಣದ ಕೋಟ್ಯಾಗಿನ ಬಾವಲಿ ಕೂಗೇ ಬ್ಯಾರೆ, ಹುಮನಾಬಾದ ಹಳೇ ಬಾವಿ ಬಾವಲಿ ಕೂಗೇ ಬ್ಯಾರೆ, ಅದಕ್ಕ ಅವು ಎರಡು ಜಾತಿ ಅಂತ. ಎಷ್ಟು ಚಂದ ಬರದಿದ್ಲು! ಹೋದ ವರ್ಷ ನೀವು ಅಕೀ ಜಾಗಕ್ಕೇ ಹೋಗಿ, ಅಕೀ ಅಳತೀನೇ ತಗೊಂಡು, ಎರಡೂ ಒಂದೇ ಜಾತಿ, ಮನೀಷಾ ಹೇಳಿದ್ದು ತಪ್ಪು ಅಂತ ಬರದ್ರಿ. ಅಕೀ ಪತ್ತಾನೇ ಇಲ್ಲ ಈಗ. ಎಳೀ ಹುಡುಗೀನ ಮುಗಿಸಿಬಿಟ್ರಲ್ರಿ!”

“ಸರ್, ಅಕಿ ನಾನೇ ರಿ,” ಎಂದಳು ಪೂನಂ.

ಸಮಿತಿಯವರು ಮುಖ ಮುಖ ನೋಡಿಕೊಂಡರು. ಒಬ್ಬರು ನಕ್ಕೂ ಬಿಟ್ಟರು. ಅವಳು ಹೆಸರು ಬದಲಾಯಿಸಿದ ಕೋರ್ಟಿನ ಕಾಗದ ತೆಗೆದು ಮುಂದಿಟ್ಟಳು. ಪ್ರೊಫೆಸರರು ಅದನ್ನು ಓದಿ ಪಕ್ಕಕ್ಕೆ ಸರಿಸಿದರು. “ನೀವು ಮನೀಷಾ ಇದ್ರಿ, ಖರೆ. ಆದ್ರ ಆ ಮನೀಷಾ ನೀವೇ ಅಂತ ಹ್ಯಾಂಗ ನಂಬೋದು? ನಮ್ಮ ಕಡಿ ಓಣಿಗೊಬ್ಬಾಕಿ ಮನೀಷಾ ಅದಾಳ. ನಾನೇ ಬರ್ತೀನಿ, ಜಾಗ ತೋರಸ್ರಿ. ಆಮ್ಯಾಲ ಹುದ್ದೆ ಮಾತು.”

ಪಾಪ, ಅವರ ಅನುಮಾನವೇನೂ ತಪ್ಪಲ್ಲ. ನಡೆದದ್ದು ಇಷ್ಟು. ಹುಮನಾಬಾದಿನ ತೊಗರಿ ವ್ಯಾಪಾರಿ ಮಹಾರುದ್ರಪ್ಪನವರ ಮಗಳು ಮನೀಷಾ, ಬಾವಲಿಯ ಕೂಗನ್ನು ನಮ್ಮ ಕಿವಿಗೆ ಕೇಳಿಸುವ ಯಂತ್ರವೊಂದನ್ನು ವಿಶ್ವವಿದ್ಯಾಲಯದಿಂದ ಕಡ ತಂದು, ಊರ ಹಾಳು ಬಾವಿಗೂ ಬಸವಕಲ್ಯಾಣದ ಕೋಟೆಗೂ ತಿರುಗಿ ಆ ಲೇಖನ ಬರೆದಳು. ಮರುವರ್ಷವೇ ಕಲ್ಯಾಣದ ಔಷಧಿ ಅಂಗಡಿಯ ಸಂಜೀವಕುಮಾರನೊಂದಿಗೆ ಮದುವೆಯಾಯಿತು. ಅತ್ತೆ ತುಳಜಾಬಾಯಿ ತಾಟಿನಲ್ಲಿ ಅಕ್ಕಿ ಹರಡಿ, ಮಗನ ಕೈಗೆ ಉಂಗುರ ಕೊಟ್ಟು, ಅಕ್ಕಿಯ ಮೇಲೆ ಸೊಸೆಯ ಹೊಸ ಹೆಸರು ಬರೆಸಿದರು: ಪೂನಂ. ಮರಾಠಿ ಸೀಮೆಗೆ ಹತ್ತಿದ ಈ ಭಾಗದಲ್ಲಿ ಇದು ಹೊಸದೇನಲ್ಲ. ಹೆಸರು ಹೇಳಿ ಎಲ್ಲರೂ ಸಕ್ಕರೆ ತಿಂದರು. ಅಂದಿನಿಂದ ಹುಮನಾಬಾದಿನಲ್ಲಿ ಅವಳು ಮನೀಷಾ, ಕಲ್ಯಾಣದಲ್ಲಿ ಪೂನಂ. ನಾವೂ ಊರಿಗೆ ತಕ್ಕ ಹಾಗೆ ಕರೆಯೋಣ, ಜಗಳ ಬೇಡ.

ಗಂಡ ಒಳ್ಳೆಯವನು, ಸಂಶೋಧನೆಗೆ ಅಡ್ಡಿ ಬರಲಿಲ್ಲ. ಎರಡು ಸಾವಿರದ ಇಸವಿಯ ಹೊತ್ತಿಗೆ ಡಿಎನ್‌ಎ ಓದುವ ಅನುಕೂಲ ಹೈದರಾಬಾದಿಗೂ ಬಂತು. ಬಾವಲಿಯ ರೆಕ್ಕೆಯಿಂದ ಎಳ್ಳಿನಷ್ಟು ತೊಗಲು ತೆಗೆದು ಅವಳು ಅಲ್ಲಿಗೆ ಒಯ್ದಳು. ತಾಯಿಯಿಂದ ಮಗಳಿಗೆ ಇಳಿಯುವ ವಂಶವಾಹಿಯ ಎಳೆ ಎರಡೂ ಊರಿನಲ್ಲಿ ಒಂದೇ! ಎಂದೋ ಒಂದು ಹೆಣ್ಣು ಬಾವಲಿ ಹುಮನಾಬಾದಿನಿಂದ ಹಾರಿಹೋಗಿ ಕಲ್ಯಾಣದಲ್ಲಿ ಸಂಸಾರ ಹೂಡಿರಬೇಕು. ಮರಿಗಳು ಸುತ್ತಲಿನವರ ಕೂಗು ಕೇಳಿ ಕಲಿಯುತ್ತವೆ. ಹಾಗಾಗಿ ಊರಿಗೊಂದು ಕೂಗು, ರಕ್ತ ಮಾತ್ರ ಒಂದೇ. ಇದನ್ನು ಬರೆಯುವಾಗ ‘ಮನೀಷಾರ ನಿಲುವು ತಪ್ಪು’ ಎಂಬ ವಾಕ್ಯ ಪೂನಂ ಕೈಯಿಂದ ಎಷ್ಟು ಸಲೀಸಾಗಿ ಬಂತೆಂದರೆ, ಆ ಮನೀಷಾ ತಾನೇ ಎಂದು ಅಡಿಯಲ್ಲಿ ಒಂದು ಸಾಲು ಸೇರಿಸಬೇಕೆಂದು ಹೊಳೆಯಲೇ ಇಲ್ಲ. ಬೇರೆಯವರ ತಪ್ಪು ಹಿಡಿಯುವುದು ಯಾರಿಗೆ ಖುಷಿಯಲ್ಲ?

ಮುಂದಿನ ವಾರ ಪ್ರೊಫೆಸರರು ಜೀಪು ಮಾಡಿಕೊಂಡು ಕಲ್ಯಾಣಕ್ಕೆ ಬಂದರು. ಮೊದಲು ಎದುರಾದವರು ಬಾಗಿಲಲ್ಲಿ ಕೂತು ಸೊಪ್ಪು ಸೋಸುತ್ತಿದ್ದ ತುಳಜಾಬಾಯಿ.

“ಮನೀಷಾ ಅನ್ನೋರ ಮನಿ ಇದೇ ಏನ್ರಿ?”

“ಇಲ್ರಿ. ಆ ಹೆಸರಿನವರು ಇಲ್ಲಿ ಯಾರೂ ಇಲ್ಲ. ಮುಂದಿನ ಓಣ್ಯಾಗ ಕೇಳ್ರಿ.”

ಒಳಗಿದ್ದ ಪೂನಂ ಓಡಿಬರುವಷ್ಟರಲ್ಲಿ ಆಗಬೇಕಾದ ಅನಾಹುತ ಆಗಿಹೋಗಿತ್ತು. ಅತ್ತೆ ಸುಳ್ಳು ಹೇಳಿದ್ದಲ್ಲ. ಆ ಹೆಸರು ಅವರ ಬಾಯಿಗೆ ಒಮ್ಮೆಯೂ ಬಂದದ್ದಿಲ್ಲ, ನೆನಪಿನಿಂದಲೂ ಜಾರಿಹೋಗಿತ್ತು.

ಕೋಟೆಯ ಒಳಗೆ, ಹಿಂದೆ ಮದ್ದುಗುಂಡು ಇಡುತ್ತಿದ್ದ ಕೋಣೆಯಲ್ಲಿ ಬಾವಲಿಗಳು ಚಾವಣಿಯ ತುಂಬ ಜೋತುಬಿದ್ದಿದ್ದವು. ಪೂನಂ ಯಂತ್ರ ಹಿಡಿದು ಕೂಗು ಕೇಳಿಸತೊಡಗಿದಳು. ಅವಳ ಭಯವೆಲ್ಲ ಅಲ್ಲಿಗೆ ಬಂದೊಡನೆ ಮಾಯವಾಗುತ್ತಿತ್ತು. ಆಗ ಹಿಂದಿನಿಂದ ಪ್ರೊಫೆಸರರು ಒಮ್ಮೆಲೇ ಕೂಗಿದರು: “ಮನೀಷಾ!”

ಬಾವಲಿಗಳು ಗಡಬಡಿಸಿ ಹಾರಿದವು. ಪೂನಂ ಹಾರಿದ ಬಾವಲಿಗಳನ್ನು ನೋಡಿದಳೇ ಹೊರತು ತಿರುಗಲಿಲ್ಲ.

“ನಿಮ್ಮ ಹೆಸರೇ ಆಗಿದ್ರ ತಿರುಗ್ತಿದ್ರಿ, ಅಲ್ಲೇನ್ರಿ?” ಎಂದರು ಅವರು. ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

ಯಾಕೆ ತಿರುಗಲಿಲ್ಲ ತಾನು? ಹುಟ್ಟಿದಾಗಿನಿಂದ ಕೇಳಿದ ಹೆಸರು ಕಿವಿಗೆ ಬಿದ್ದೂ ಬೀಳದ ಹಾಗೆ ಹೋಯಿತಲ್ಲ! ಹಾಗಾದರೆ ಬಾವಿಗಿಳಿದು ಆ ಲೇಖನ ಬರೆದವಳು ಯಾರು, ಅವಳು ಈಗ ಎಲ್ಲಿದ್ದಾಳೆ? ಹುದ್ದೆ ಹೋಗುವುದಕ್ಕಿಂತ ಈ ಯೋಚನೆಗೇ ಹೆದರಿ ಅವಳು ಯಂತ್ರ ಆರಿಸಿದಳು. “ಹುಮನಾಬಾದ ಒಂದು ನೋಡಿಬಿಡ್ರಿ ಸರ್,” ಎಂದಳು, ಬೇಡುವ ದನಿಯಲ್ಲಿ.

ಜೀಪು ಮತ್ತೆ ಮನೆಯ ಮುಂದೆ ನಿಂತಾಗ, ತಮ್ಮ ಮಾತಿನಿಂದ ಸೊಸೆಯ ಕೆಲಸ ಕೆಡುತ್ತಿದೆ ಎಂದು ತಿಳಿದ ತುಳಜಾಬಾಯಿ ತಾವೇ ಜೀಪು ಹತ್ತಿದರು. “ಹೆಸರಿಟ್ಟಾಕಿ ನಾನು. ನಾನೇ ಹೇಳ್ತೀನಿ.” ದಾರಿಯುದ್ದಕ್ಕೂ ಹೇಳಿದರು. “ಮನೀಷಾ ಅನ್ನಾಕಿ ಎಂದೋ ಹೋದಳ್ರಿ. ಮದವಿ ದಿನಾನೇ ಅಕ್ಕ್ಯಾಗ ಮುಚ್ಚಿಬಿಟ್ಟೇವ್ರಿ.” ಪ್ರೊಫೆಸರರು ಬೆಚ್ಚಿಬಿದ್ದು ಪೂನಂ ಕಡೆ ನೋಡಿದರು. ಅವಳು ಹಣೆ ಹಣೆ ಚಚ್ಚಿಕೊಂಡಳು.

ಹುಮನಾಬಾದಿನಲ್ಲಿ ಜೀಪು ನಿಂತದ್ದೇ ತಡ, ಅಂಗಡಿಯಿಂದ ಮಹಾರುದ್ರಪ್ಪ ಎದ್ದುಬಂದರು. ಬಾವಿಯ ದಾರಿಯಲ್ಲಿ ಅವರ ಮಾತು ನಿಲ್ಲಲಿಲ್ಲ. “ಕೊರಳಾಗ ಡಬ್ಬಿ ಹಾಕ್ಕೊಂಡು ಇದೇ ಬಾವ್ಯಾಗ ಇಳೀತಿದ್ಲರಿ. ಮಹಾರುದ್ರಪ್ಪನ ಮಗಳಿಗೆ ಹುಚ್ಚು ಹಿಡದದ ಅಂತಿದ್ರು ಮಂದಿ. ಬಾವಲಿ ಬಗ್ಗೆ ಇಂಗ್ಲಿಷಿನಾಗ ಛಾಪಿಸಿದ್ಲು. ನಾ ಓಣಿಗೆಲ್ಲಾ ಪೇಡೆ ಹಂಚೀನಿ.”

ಮನೀಷಾ ಆಗಲೇ ಮೆಟ್ಟಿಲಿಳಿದು, ಗೋಡೆಯ ಸುರಂಗದ ಬಾಯಿಗೆ ಯಂತ್ರ ಹಿಡಿದಿದ್ದಳು. ಇಲ್ಲಿಯ ಕೂಗು ಸಣ್ಣದು, ಕೋಟೆಯದಕ್ಕಿಂತ ಚೂಪು.

“ಪೂನಂ!” ಎಂದು ಕರೆದರು ಪ್ರೊಫೆಸರರು.

ಅವಳು ತಿರುಗಲಿಲ್ಲ.

“ಮನೀಷಾ!”

“ಏನಪ್ಪಾ?” ಎಂದು ತಿರುಗಿಯೇಬಿಟ್ಟಳು. ನಿಂತವರು ಅಪ್ಪನಲ್ಲ ಎಂದು ಕಂಡು ಪೆಚ್ಚಾದಳು.

ಪ್ರೊಫೆಸರರು ಮೆಟ್ಟಿಲ ಮೇಲೆ ಕುಸಿದು ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ರಕ್ತ ಒಂದೇ, ಊರು ಎರಡು, ಕೂಗು ಎರಡು! ಕೂಗು ನಂಬಿ ನಾನೂ ಎರಡು ಜಾತಿ ಅಂದುಬಿಡ್ತಿದ್ದೆ. ಮನೀಷಾ ತಪ್ಪು, ಪೂನಂ ಸರಿ. ಹುದ್ದೆ ನಿಮಗೇ ರಿ.” ಆಮೇಲೆ ನಗು ನಿಲ್ಲಿಸಿ ಕೇಳಿದರು. “ಆದ್ರ ಆದೇಶ ಯಾರ ಹೆಸರಿಗೆ ಬರೀಲಿ? ಒಂದು ಪ್ರಾಣಿಗೆ ಎರಡು ಹೆಸರು ಬಿದ್ರ ನಮ್ಮ ಶಾಸ್ತ್ರದಾಗ ಮೊದಲಿಂದೇ ನಿಲ್ತದ, ಆಮ್ಯಾಲಿಂದು ಬಿಡ್ತೀವಿ. ನಿಮಗ ಗೊತ್ತಿದ್ದಿದ್ದೇ.”

ಗೊತ್ತಿದ್ದದ್ದೇ. ಬಾವಲಿಗಳ ಹೆಸರನ್ನು ಅವಳೇ ಎಷ್ಟೋ ಸಲ ಹಾಗೆ ತಿದ್ದಿದ್ದಳು. ಈಗ ಮಾತ್ರ ಅಪ್ಪ ಒಂದು ಕಡೆ, ಅತ್ತೆ ಒಂದು ಕಡೆ ನಿಂತಿದ್ದರು. “ನಾಡಿದ್ದು ಫೋನ್ ಮಾಡಿ ಹೇಳ್ತೀನ್ರಿ,” ಎಂದಳು.

ಅತ್ತೆ ಕೋಪಿಸಿಕೊಳ್ಳಬಹುದೆಂದು ಅವಳು ಅಂದುಕೊಂಡಿದ್ದಳು. ತುಳಜಾಬಾಯಿ ಬಾವಿಯನ್ನೇ ನೋಡುತ್ತಿದ್ದರು. “ಮೊದಲಿಂದೇ ನಿಲ್ತದ ಅಂದ್ರಿ, ಹೌದಲ್ರಿ?” ಎಂದು ಪ್ರೊಫೆಸರರನ್ನು ಕೇಳಿದರು. ಅವರು ಹೌದೆಂದರು. ಆಮೇಲೆ ಯಾವುದೋ ಹೆಸರು ಹುಡುಕುವಂತೆ ತುಟಿ ಆಡಿಸಿ, ಸೊಸೆಯ ಕೈ ಹಿಡಿದರು.

“ನಂದೂ ಮೊದಲಿನ ಹೆಸರೊಂದು ಇತ್ತವ್ವ. ಮುಕ್ತಾ ಅಂತೇನೋ. ಮುಕ್ತಾ ನಾನೋ, ನಮ್ಮಕ್ಕನೋ… ಮದವ್ಯಾದಾಗ ಭಾಳ ಸಣ್ಣಾಕಿ ಇದ್ದೆ. ಕರಿಯೋರು ಯಾರೂ ಉಳದಿಲ್ಲ ಈಗ.”

ಅಕ್ಕಿಯ ತಾಟು ಮುಂದಿಟ್ಟ ಈ ಕೈಗಳ ಮೇಲೆ ಮನೀಷಾಗೆ ಒಳಗೊಳಗೇ ಇದ್ದ ಸಿಟ್ಟು ಯಾವ ಕಡೆ ಹೋಯಿತೋ ತಿಳಿಯಲಿಲ್ಲ. “ನಾಳೆ ಮುಡಬಿಗೆ ಹೋಗೋಣ ಅತ್ತಿ,” ಎಂದಳು. “ನಿಮ್ಮ ತವರಾಗೇ ನಿಂತು ಕರೀತೀನಿ. ಯಾವ ಹೆಸರಿಗೆ ತಿರುಗ್ತೀರಿ ನೋಡೋಣ.”

ಮರುದಿನ ಇಬ್ಬರೂ ಶೇರ್ ಆಟೊದಲ್ಲಿ ಮುಡಬಿಗೆ ಹೋದರು. ತವರುಮನೆಯಿದ್ದ ಜಾಗದಲ್ಲಿ ಯಾರದೋ ತಗಡಿನ ಮನೆ ಎದ್ದಿತ್ತು. ಅತ್ತೆಯನ್ನು ಮುಂದೆ ನಡೆಯಲು ಬಿಟ್ಟು ಸೊಸೆ ಬೇವಿನ ಮರದ ಕೆಳಗೆ ನಿಂತಳು. ಅತ್ತೆಯ ಹೆಸರು ಹಿಡಿದು ಕೂಗುವುದೆಂದರೆ! ನಾಚಿಕೆಯಿಂದ ಅತ್ತಿತ್ತ ನೋಡಿ ಕೂಗಿದಳು.

“ತುಳಜಾಬಾಯಿ!”

“ಆಂ,” ಎಂದು ಅವರು ಕೂಡಲೇ ತಿರುಗಿದರು. ತಮ್ಮ ಸೋಲಿಗೆ ತಾವೇ ಮುಖ ಸಿಂಡರಿಸಿ ಮತ್ತೆ ನಡೆದರು.

“ಮುಕ್ತಾ!”

ಅವರು ತಿರುಗಲಿಲ್ಲ. ಇನ್ನಷ್ಟು ದೂರ ಹೋಗಿ ನಿಂತರು. ಬೆನ್ನು ಈ ಕಡೆಗೇ ಇತ್ತು. ತಲೆಯ ಮೇಲಿನ ಸೆರಗು ಜಾರಿತ್ತು, ಸರಿಪಡಿಸಿಕೊಳ್ಳಲಿಲ್ಲ.

“ಇನ್ನೊಂದ ಸಲ ಕರಿ,” ಎಂದರು.

ಮನೀಷಾ ಕರೆದಳು.