ಅಜ್ಜಿ ಎಣ್ಣೆ

ಮುನೀಂದ್ರ ನಡೆಸುವ ಮದುವೆ ಹಾಲಿನ ಜನರೇಟರು ಹೊಗೆ ಬಿಟ್ಟರೆ ರಾಮಮೂರ್ತಿ ನಗರದ ಆ ಬೀದಿಯಲ್ಲಿ ಹೋಗುವವರಿಗೆಲ್ಲ ಹಸಿವಾಗುತ್ತಿತ್ತು. ಸ್ಕೂಟರು ನಿಲ್ಲಿಸಿ, ಹೆಲ್ಮೆಟ್ಟಿನ ಗಾಜು ಮೇಲೆತ್ತಿ, "ಗುರು, ಇಲ್ಲಿ ಬಜ್ಜಿ ಅಂಗಡಿ ಎಲ್ಲಿ?" ಎಂದು ಕೇಳಿದವರಿದ್ದಾರೆ. ಅಂಗಡಿ ಇರಲಿಲ್ಲ. ಹಾಲಿನ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಕೆಳಗೆ ಹಳೆಯ ಜನರೇಟರೊಂದು ಚಳಿಜ್ವರ ಬಂದವರಂತೆ ನಡುಗುತ್ತಾ ನಿಂತಿತ್ತು, ಅಷ್ಟೆ. ಶಿವಾಜಿನಗರದ ಸಮೋಸ, ಹಲಸೂರಿನ ಮೆಣಸಿನಕಾಯಿ ಬಜ್ಜಿ, ಇಂದಿರಾನಗರದ ಹೋಟೆಲುಗಳ ಹೆಸರು ಗೊತ್ತಿಲ್ಲದ ಕರಿದ ತಿಂಡಿಗಳು ಅದರ ಹೊಟ್ಟೆಯಲ್ಲಿ ತಮ್ಮ ಎರಡನೆಯ ಜನ್ಮವನ್ನು ಉರಿದು ಮುಗಿಸುತ್ತಿದ್ದವು.

ಓಣಿಯ ಆಚೆ ಬದಿಗೆ ಬಾಡಿಗೆ ರೂಮುಗಳ ಸಾಲು. ಅವೂ ಮುನೀಂದ್ರನವೇ. ಅವನ ಅಜ್ಜನ ಕಾಲಕ್ಕೆ ಅಲ್ಲಿ ರಾಗಿ ಬೆಳೆಯುತ್ತಿತ್ತು, ಈಗ ರೂಮು ಬೆಳೆಯುತ್ತದೆ. ಕೊನೆಯ ರೂಮಿನಲ್ಲಿ, ಜನರೇಟರಿನ ಹೊಗೆ ಪೈಪಿಗೆ ಮುಖಾಮುಖಿಯಾಗಿ, ಸುರಪುರದ ಕಡೆಯಿಂದ ಬಂದ ಸುಜಾತಾ ತನ್ನ ಗಂಡ ರಾಮು ಮತ್ತು ಅತ್ತೆ ಮಾನಮ್ಮನ ಜೊತೆ ಇದ್ದಳು. ರಾಮು ಕಟ್ಟಡಗಳಿಗೆ ಕಂಬಿ ಕಟ್ಟುವ ಕೆಲಸಕ್ಕೆ ಹೊಸಕೋಟೆಯವರೆಗೂ ಹೋಗುತ್ತಿದ್ದ. ಮದುವೆ ಇದ್ದ ದಿನ ಸುಜಾತಾ ಹಾಲಿನಲ್ಲಿ ಕಸ ಗುಡಿಸುವುದರಿಂದ ಹಿಡಿದು ಮದುಮಗಳ ಕೋಣೆಗೆ ಬಿಸಿನೀರು ಮುಟ್ಟಿಸುವವರೆಗೆ ಎಲ್ಲವನ್ನೂ ಮಾಡುತ್ತಿದ್ದಳು. ಮಾನಮ್ಮ ಉಸಿರಾಡುತ್ತಿದ್ದಳು. ಅವಳ ಮಟ್ಟಿಗೆ ಅದೂ ಬೆಳಗಿನಿಂದ ಸಂಜೆಯವರೆಗೆ ಮೈಮುರಿಯುವ ಕೆಲಸವೇ.

ಉಬ್ಬಸ ಅವಳಿಗೆ ಊರಿನಿಂದಲೇ ಬಂದದ್ದು. ಆದರೆ ಊರಲ್ಲಿ ಅದು ಆಗಾಗ ಬಂದುಹೋಗುವ ನೆಂಟನಾಗಿತ್ತು. ಇಲ್ಲಿ ಹಾಸಿಗೆ ಹಾಸಿಕೊಂಡು ಉಳಿದುಬಿಟ್ಟಿತು. ಹಾಲಿಗೆ ಏಸಿ ಹಾಕಿಸಿದ ಮೇಲೆ ಕರೆಂಟು ಭಾರ ತಡೆಯದೆ, ಮದುವೆಯ ದಿನವೆಲ್ಲ ಜನರೇಟರು ಓಡಲೇಬೇಕು. ಆಗಿನ್ನೂ ಬರೀ ಡೀಸೆಲ್ಲು. ಕಿಟಕಿ ಮುಚ್ಚಿದರೂ ಮಸಿ ಒಳಗೆ ಬರುತ್ತಿತ್ತು. ಹಗ್ಗಕ್ಕೆ ಹಾಕಿದ ಬಿಳಿ ಬಟ್ಟೆ ಬೂದಿ ಬಣ್ಣಕ್ಕೆ ತಿರುಗುತ್ತಿತ್ತು. ಮಾನಮ್ಮ ಉಗುಳಿದರೆ ಅದರಲ್ಲೂ ಕಪ್ಪು ಎಳೆ.

ಸುಜಾತಾ ಒಂದು ದಿನ ಧೈರ್ಯ ಮಾಡಿ ಕೇಳಿದಳು. "ಅಣ್ಣಾರ, ಆ ಪೈಪು ನಮ್ಮ ಅತ್ತಿ ಮಾರಿಗೇ ಊದ್ತೈತ್ರಿ. ಏನರ ಮಾಡ್ರಿ."

"ಏಸಿ ಇಲ್ದಿದ್ರೆ ಯಾವ್ ಗಂಡಿನ್ ಕಡೆಯೋರು ಬರ್ತಾರಮ್ಮ ನಮ್ ಹಾಲ್ಗೆ?" ಎಂದ ಮುನೀಂದ್ರ. ಎಂದವನು ಅಲ್ಲಿಗೇ ಬಿಡಬಹುದಿತ್ತು. ಬಿಡದೆ ಓಣಿಗೆ ಬಂದು ಕಿಟಕಿಯಲ್ಲಿ ಇಣುಕಿದ. ಒಳಗೆ ಮಾನಮ್ಮ ಎರಡು ಕೈಯನ್ನೂ ಮೊಣಕಾಲಿಗೆ ಊರಿ, ಹೆಗಲು ಮೇಲೆತ್ತಿ, ಗಾಳಿಯನ್ನು ಬಾವಿಯಿಂದ ಸೇದುವವಳಂತೆ ಸೇದುತ್ತಿದ್ದಳು. ಮುನೀಂದ್ರ ವಾಪಸು ಹೋದ. ಮುಂದಿನ ವಾರ ಖುರ್ಷೀದನ ಟೆಂಪೋ ಬಂತು.

ಖುರ್ಷೀದ್ ಹೋಟೆಲು ಹೋಟೆಲು ಸುತ್ತಿ, ಕರಿದು ಕರಿದು ಕಪ್ಪಾದ ಎಣ್ಣೆಯನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಮಾಲೂರಿನ ಆಚೆ ಒಂದು ಫ್ಯಾಕ್ಟರಿಗೆ ಕೊಡುವವನು. ಅಲ್ಲಿ ಅದು ಬಯೋಡೀಸೆಲ್ ಆಗುತ್ತದೆ. ಅದನ್ನು ಮತ್ತೆ ತಂದು ಜನರೇಟರು ಇರುವವರಿಗೆ ಮಾರುತ್ತಾನೆ.

"ಮಸಿ ಎಷ್ಟು ಕಮ್ಮಿ ಆಗುತ್ತೆ ನೋಡಿ ಸಾರ್," ಎಂದ. "ಆದ್ರೆ ಒಂದ್ ಮಾತು ಹೇಳ್ಬಿಡ್ತೀನಿ, ಆಮೇಲೆ ಖುರ್ಷೀದ್ ಹೇಳ್ಲಿಲ್ಲ ಅನ್ಬೇಡಿ. ಕಣ್ಣಿಗೆ ಕಾಣೋದು ಕಮ್ಮಿ ಆಗುತ್ತೆ. ಕಾಣದೇ ಇರೋ ಗ್ಯಾಸ್ ಒಂದಿದೆ, ಅದು ಕಮ್ಮಿ ಆಗಲ್ಲ, ಕೆಲವು ಇಂಜಿನ್ನಲ್ಲಿ ಚೂರು ಜಾಸ್ತೀನೇ ಆಗುತ್ತೆ. ಹೊಗೆ ಅಂದ್ರೆ ಹೊಗೇನೇ ಸಾರ್. ಪೈಪ್ ಒಂದು ಮೇಲಕ್ಕೆ ಎತ್ತಿಸ್ಬಿಡಿ."

"ಕಾಣದೇ ಇರೋದಕ್ಕೆಲ್ಲ ತಲೆ ಕೆಡಿಸ್ಕೊಂಡ್ರೆ ಮದುವೆ ಹಾಲ್ ನಡೆಸಕ್ಕಾಗುತ್ತಾ ಭಾಯ್? ತುಂಬ್ಸಿ, ತುಂಬ್ಸಿ."

ತುಂಬಿಸಿದ ಮೇಲೆ ಮೊದಲು ಆದದ್ದು ಅನಾಹುತ. ಟ್ಯಾಂಕಿನ ತಳದಲ್ಲಿ ವರ್ಷಗಳಿಂದ ಡೀಸೆಲ್ಲಿನ ಕೊಳೆ ಕೂತಿತ್ತು. ಹೊಸ ಎಣ್ಣೆ ಅದನ್ನೆಲ್ಲ ಕೆರೆದು ಎಬ್ಬಿಸಿ ತಂದು ಫಿಲ್ಟರಿಗೆ ತುರುಕಿತು. ಸರಿಯಾಗಿ ಮಾಂಗಲ್ಯಧಾರಣೆಯ ಹೊತ್ತಿಗೆ ಜನರೇಟರು ಒಮ್ಮೆ ಬಿಕ್ಕಳಿಸಿ ನಿಂತುಹೋಯಿತು. ವಿಡಿಯೋದವನ ಲೈಟು ಆರಿತು. ಹುಡುಗನ ದೊಡ್ಡಪ್ಪ ಕತ್ತಲಲ್ಲಿ ಮುನೀಂದ್ರನ ವಂಶವನ್ನೆಲ್ಲ ವಿಚಾರಿಸಿಕೊಂಡ. ಫಿಲ್ಟರು ಬದಲಾಯಿಸಿದ ಮೆಕ್ಯಾನಿಕ್ಕು, "ವಾಪಸ್ ಡೀಸೆಲ್ಲೇ ಹಾಕ್ಬಿಡಿ ಅಣ್ಣ, ಯಾಕ್ ಬೇಕು ತಲೆನೋವು" ಎಂದ.

"ಆಗಲ್ಲ ಕಣೋ," ಎಂದ ಮುನೀಂದ್ರ, ಅಡುಗೆಯವರಿಗೂ ಕೇಳುವಷ್ಟು ದೊಡ್ಡ ದನಿಯಲ್ಲಿ. "ಅಜ್ಜಿಗೋಸ್ಕರ ಅಂತ ಹಾಕ್ಸಿರೋದು. ಒಂದ್ ಸಲ ಬೈಸ್ಕೊಂಡ್ವಿ ಅಂತ ತೆಗೆದ್ಬಿಟ್ರೆ ಏನ್ ಮರ್ಯಾದೆ?"

ಆ ಮಾತು ಬೀದಿಯೆಲ್ಲ ಹರಡಿತು. ಬಯೋಡೀಸೆಲ್ ಎಂಬ ಉದ್ದನೆಯ ಹೆಸರು ಯಾರ ನಾಲಿಗೆಗೂ ಹತ್ತಲಿಲ್ಲ. ಎಲ್ಲರೂ ಅದನ್ನು ಅಜ್ಜಿ ಎಣ್ಣೆ ಎಂದೇ ಕರೆದರು. ಹಗ್ಗದ ಮೇಲಿನ ಬಟ್ಟೆ ಬಿಳಿಯಾಗಿಯೇ ಒಣಗಿದಾಗ ಅಕ್ಕಪಕ್ಕದ ರೂಮಿನ ಹೆಂಗಸರು, "ಅಜ್ಜೀ, ಎಲ್ಲ ನಿಮ್ ಪುಣ್ಯ" ಎಂದರು. ಮಾನಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಒಂದು ಯಂತ್ರದ ಊಟಕ್ಕೆ ತನ್ನ ಹೆಸರು ಬಿದ್ದದ್ದು ಅವಳಿಗೆ ನಾಚಿಕೆಯೂ ಆಗಿತ್ತು, ಒಳಗೊಳಗೇ ಹೆಮ್ಮೆಯೂ ಆಗಿತ್ತು.

ಉಬ್ಬಸವೂ ಇಳಿಯಿತು. ನೋಡಿದಿರಾ ಅಜ್ಜಿ ಎಣ್ಣೆಯ ಮಹಿಮೆ ಎಂದು ಮುನೀಂದ್ರ ಸಿಕ್ಕಸಿಕ್ಕವರಿಗೆ ಹೇಳಿದ. ಅದು ಆಷಾಢ ಮಾಸ, ಮದುವೆಗಳೇ ಇರಲಿಲ್ಲ, ಜನರೇಟರು ಒಂದು ದಿನವೂ ಓಡಿರಲಿಲ್ಲ ಎಂಬುದು ಯಾರಿಗೂ ಹೊಳೆಯಲಿಲ್ಲ. ಸುಜಾತಾಳಿಗೂ.

ಶ್ರಾವಣ ಬಂತು, ಮದುವೆಗಳು ಬಂದವು, ಮಾನಮ್ಮನ ಎದೆಯೊಳಗಿನ ಸೀಟಿ ಮತ್ತೆ ಶುರುವಾಯಿತು. ಹಿಂದಿನಷ್ಟಲ್ಲ, ಹಿಂದಿಗಿಂತ ಜೋರು. ಸುಜಾತಾಳಿಗೆ ಬಗೆಹರಿಯಲಿಲ್ಲ. ಮಸಿ ಇಲ್ಲ, ಬಟ್ಟೆ ಬಿಳಿ ಇದೆ, ಉಗುಳಿದರೆ ಕಪ್ಪು ಇಲ್ಲ. ಮತ್ತೆ ಇದೇನು?

ಮುನೀಂದ್ರ ಸಿಕ್ಕಾಗಲೆಲ್ಲ ಕೇಳುತ್ತಿದ್ದ. "ಏನಮ್ಮ, ಅಜ್ಜಿ ಹೆಂಗವ್ರೆ?"

"ಆರಾಮ್ ಅದಾರ್ರಿ ಅಣ್ಣಾರ."

ಮೊದಲ ಸಲ ಬಾಯಿ ತಪ್ಪಿ ಬಂದ ಸುಳ್ಳು. ಆಮೇಲೆ ಅದನ್ನು ಸಾಕಬೇಕಾಯಿತು. ಅವಳು "ಆರಾಮ್" ಎಂದಾಗ ಅವನ ಮುಖ ಅರಳುತ್ತಿದ್ದ ರೀತಿ ನೋಡಿದವರಿಗೆ ನಿಜ ಹೇಳುವ ಮನಸ್ಸಾಗುತ್ತಿರಲಿಲ್ಲ. ಕೊಟ್ಟ ಸೀರೆಯನ್ನು ಕೊಟ್ಟವರ ಎದುರೇ ಹರಿದು ತೋರಿಸಿದ ಹಾಗೆ.

ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ಕೊಳವೆ ಇಟ್ಟು, ಮುಖ ಸಣ್ಣದು ಮಾಡಿದರು. "ಮನೇಲಿ ಸೌದೆ ಒಲೆ ಇದೆಯೇನಮ್ಮ?"

"ಇಲ್ರಿ. ಗ್ಯಾಸು."

"ಮತ್ತೆ ಹೊಗೆ ಎಲ್ಲಿಂದ?"

"ಜನರೇಟರ್ ಐತ್ರಿ ಬಾಜೂಕ. ಆದ್ರ ಅದು ಡೀಸೆಲ್ ಅಲ್ರಿ, ಬಜಿ ಎಣ್ಣಿದು. ಒಳ್ಳೇದು ಅಂತಾರ್ರಿ."

"ಬೀದಿಗೆ ಒಳ್ಳೇದಿರಬಹುದು. ಇವರ ಎದೆಗೆ ಯಾವ ಹೊಗೇನೂ ಒಳ್ಳೇದಲ್ಲ." ಡಾಕ್ಟರಮ್ಮ ಬಾಯಿಗೆ ಹೊಡೆದುಕೊಳ್ಳುವ ಪಂಪು ಬರೆದುಕೊಟ್ಟರು. "ಅದು ಓಡುವಾಗ ಕಿಟಕಿ ಮುಚ್ಚಿ. ಉಸಿರು ಕಟ್ಟಿದ ತಕ್ಷಣ ಇದನ್ನ ಕೊಡಿ. ಇಳೀಲಿಲ್ಲ ಅಂದ್ರೆ ಕಾಯ್ಬೇಡಿ, ಸೀದಾ ಇಲ್ಲಿಗೆ ಬನ್ನಿ. ಇನ್ನೊಂದು ಸಲ ಜೋರಾಗಿ ಬಂದ್ರೆ ಈ ಜೀವ ತಡೆಯಲ್ಲ."

ಅವತ್ತಿನಿಂದ ಪ್ರತಿ ಮದುವೆಯ ದಿನ ಹೊರಡುವಾಗ ಸುಜಾತಾ, "ಅತ್ತಿ, ಕಿಟಕಿ ಹಾಕ್ಕೊಂಡು ಕೂಡು" ಎನ್ನುತ್ತಿದ್ದಳು. ಮಾನಮ್ಮ "ಹೂಂ" ಎನ್ನುತ್ತಿದ್ದಳು. ಆದರೂ ಸಂಜೆ ಬಂದು ನೋಡಿದರೆ ಅತ್ತೆಯ ತುಟಿ ನೇರಳೆ. ಜನರೇಟರು ಓಡುವ ಹೊತ್ತಿಗೆ ಸುಜಾತಾ ಯಾವತ್ತೂ ಹಾಲಿನ ಒಳಗೆ. ರೂಮಿನಲ್ಲಿ ಏನು ನಡೆಯುತ್ತದೆ ಎಂದು ಅವಳಿಗೆ ಗೊತ್ತಾಗುವ ದಾರಿಯೇ ಇರಲಿಲ್ಲ.

ಗೊತ್ತಾದದ್ದು ಒಂದು ಹುಕ್ಕಿನಿಂದ. ಆ ದಿನ ಮದುಮಗಳ ತಂಗಿಯ ರವಿಕೆಯ ಹುಕ್ಕು ಕಿತ್ತುಹೋಗಿ, ಸೂಜಿದಾರ ತರಲು ಸುಜಾತಾ ಮಟಮಟ ಮಧ್ಯಾಹ್ನ ರೂಮಿಗೆ ಓಡಿದಳು. ಬಾಗಿಲು ತೆಗೆದರೆ ಒಳಗೆಲ್ಲ ಬಜ್ಜಿಯ ಘಮ. ಕಿಟಕಿಯ ಎರಡೂ ರೆಕ್ಕೆ ಅಗಲ ತೆರೆದಿತ್ತು. ಮಾನಮ್ಮ ಸ್ಟೂಲು ಎಳೆದುಕೊಂಡು, ಕಂಬಿಗೆ ಹಣೆ ಆನಿಸಿ, ಪೈಪಿಗೆ ಎದುರಾಗಿ ಕೂತಿದ್ದಳು. ಹೆಗಲು ಏರಿತ್ತು. ಬಾಯಿ ತೆರೆದಿತ್ತು. ಒಳಗೆ ಹೋಗುವ ಗಾಳಿಗೂ ಹೊರಗೆ ಬರುವ ಗಾಳಿಗೂ ಕೊರಳಲ್ಲಿ ಜಗಳ ನಡೆದಿತ್ತು.

"ಅತ್ತಿ! ಏನ್ ಮಾಡಾಕತ್ತಿದಿ? ಕಿಟಕಿ ಹಾಕು ಅಂತ ಎಷ್ಟು ಸಲ ಹೇಳೀನಿ?"

ಮಾನಮ್ಮ ಮಾತನ್ನು ತುಂಡು ತುಂಡಾಗಿ ಹೊರಗೆ ಹಾಕಿದಳು. "ಹೆಂಗ... ಹಾಕಲೇ ಯವ್ವಾ... ನನ್ನ ಸಲುವಾಗಿ... ಮಾಡಿಸ್ಯಾನ... ಆ ಓಣ್ಯಾಗ... ದಿನಾ ಅಡ್ಡಾಡ್ತಾನ... ಕಿಟಕಿ ಹಾಕಿದ್ದು... ನೋಡಿದ್ರ... ಅವನ ಮಾರಿಗೆ... ಹಾಕಿದಾಂಗ..."

ಸುಜಾತಾ ಪಂಪಿಗೆ ತಡಕಾಡಿದಳು. ಇಷ್ಟು ದಿನ ಅವಳು ಬಾಯಲ್ಲಿ ಮಾಡಿದ್ದನ್ನೇ ಅತ್ತೆ ಎದೆಯಲ್ಲಿ ಮಾಡಿದ್ದಳು. ಮರ್ಯಾದೆಗೆ ಕಿಟಕಿ ತೆರೆದಿಟ್ಟು, ಕೊಟ್ಟವನು ನೋಡಲಿ ಎಂದು, ಕೊಟ್ಟದ್ದನ್ನು ಹೊಟ್ಟೆತುಂಬ ಉಸಿರಾಡಿದ್ದಳು.

ಪಂಪು ಕೊಟ್ಟಳು. ಮತ್ತೊಮ್ಮೆ ಕೊಟ್ಟಳು. ಕಿಟಕಿ ಮುಚ್ಚಿದರೂ ರೂಮು ಆಗಲೇ ಹೊಗೆಯಿಂದ ತುಂಬಿಹೋಗಿತ್ತು. ಬಾಗಿಲು ತೆಗೆದರೆ ಓಣಿಯಿಂದ ಇನ್ನಷ್ಟು ಬರುತ್ತಿತ್ತು. ಸುಜಾತಾ ಸೂಜಿದಾರ ಮರೆತು, ಸೆರಗು ಸಿಕ್ಕಿಸಿಕೊಂಡು ಓಡಿದಳು. ಮುನೀಂದ್ರ ಬಿಳಿ ಪಂಚೆಯಲ್ಲಿ ಹಾಲಿನ ಹಿಂಬಾಗಿಲಲ್ಲೇ ನಿಂತು ಅಡುಗೆಯವರಿಗೆ ಏನೋ ಹೇಳುತ್ತಿದ್ದ.

"ಅಣ್ಣಾರ, ಜನರೇಟರ್ ಬಂದ್ ಮಾಡ್ರಿ."

"ಏನಮ್ಮ? ಒಳಗೆ ಧಾರೆ ನಡೀತೈತೆ!"

"ಬಂದ್ ಮಾಡ್ರೀ! ಅತ್ತಿಗೆ ಉಸಿರು ಕಟ್ಟೇತಿ. ಆರಾಮ್ ಅದಾರ ಅಂತ ನಾ ಹೇಳಿದ್ದೆಲ್ಲಾ ಸುಳ್ಳ್ರಿ. ಶ್ರಾವಣದಿಂದ ಒಂದಿನಾನೂ ಆರಾಮಿಲ್ಲ. ಮಸಿ ಹೋಗೇತಿ, ಹೊಗಿ ಹೋಗಿಲ್ರಿ. ನೀವು ಬ್ಯಾಸರ ಮಾಡ್ಕೋತೀರಂತ ಆಕಿ ಕಿಟಕಿ ಸುದ್ದಾ ಹಾಕವಲ್ಲಳು."

ಮುನೀಂದ್ರನ ಮುಖದಲ್ಲಿ ಮೊದಲು ಬಂದದ್ದು ಸಿಟ್ಟು. "ಅಷ್ಟೆಲ್ಲ ಬೈಸ್ಕೊಂಡು ನಾನು..." ಎಂದು ಶುರುಮಾಡಿದ. ಅಷ್ಟರಲ್ಲಿ ಓಣಿಯ ಆ ತುದಿಯಿಂದ, ಜನರೇಟರಿನ ಗದ್ದಲದ ಸಂದಿಯಲ್ಲಿ ಕೆಮ್ಮು ಕೇಳಿಸಿತು. ಕೆಮ್ಮೂ ಅಲ್ಲ ಅದು. ಕೆಮ್ಮಲು ಬೇಕಾದಷ್ಟು ಗಾಳಿಯೂ ಇಲ್ಲದವರ ಸದ್ದು. ಅವನು ಮಾತು ಮುಗಿಸಲಿಲ್ಲ. ಪಂಚೆ ಎತ್ತಿಕಟ್ಟಿ ಓಣಿಗೆ ನುಗ್ಗಿ, ಕೆಂಪು ಗುಂಡಿಯನ್ನು ಅಂಗೈಯಿಂದ ಗುದ್ದಿದ.

ಇಡೀ ಹಾಲು ಒಮ್ಮೆಲೇ ಮೂಕವಾಯಿತು. ಏಸಿ ನಿಂತಿತು, ಮೈಕು ಸತ್ತಿತು. ಮೈಕಿಲ್ಲದ ನಾದಸ್ವರ ಮಾತ್ರ ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ ತನ್ನದೇ ಗಂಟಲಲ್ಲಿ ಹಾಡಿಕೊಂಡಿತು. ಒಳಗಿನಿಂದ ಯಾರೋ ಕೂಗಿದರು: "ಯಾವನ್ರೀ ಅವನು ಆಫ್ ಮಾಡಿದ್ದು?"

"ನಾನೇ ಕಣ್ರೀ!" ಮುನೀಂದ್ರ ಕೂಗಿದ. "ಹತ್ತು ನಿಮಿಷ ಬೀಸಣಿಗೆ ಬೀಸ್ಕೊಳ್ಳಿ, ಯಾರೂ ಸಾಯಲ್ಲ!"

ಪ್ಲಾಸ್ಟಿಕ್ ಕುರ್ಚಿಯ ಮೇಲೆ ಮಾನಮ್ಮನನ್ನು ಕೂರಿಸಿ, ಒಂದು ಕಡೆ ಅವನು, ಒಂದು ಕಡೆ ಸುಜಾತಾ, ಎತ್ತಿಕೊಂಡು ಹೋದರು. ಹಿಂದಿನ ಓಣಿ ದಾಟಿ, ಹಾಲಿನ ಪಕ್ಕದಿಂದ ಮುಂದಿನ ಅಂಗಳಕ್ಕೆ. ಗಾಳಿ ಇದ್ದದ್ದು ಅಲ್ಲೇ, ಬಾಳೆಕಂಬದ ಪಕ್ಕ, ಬಂದವರಿಗೆ ಪನ್ನೀರು ಎರಚುವ ಮೇಜಿನ ಹತ್ತಿರ. ಮುನೀಂದ್ರ ಕಾರು ತಂದು ಬಾಗಿಲು ತೆಗೆದು, ಎದುರಿಗೇ ನಿಲ್ಲಿಸಿದ. ಸುಜಾತಾ ಮತ್ತೆ ಪಂಪು ಹಿಡಿದಳು. "ಹೊರಡಾಣ?" ಎಂದ ಅವನು. ಮಾನಮ್ಮ, ತಡಿ ಎಂಬಂತೆ ಒಂದು ಬೆರಳೆತ್ತಿದಳು.

ತಡೆದರು. ಕಾರಿನ ಕೀಲಿಕೈ ಅವನ ಮುಷ್ಟಿಯಲ್ಲೇ ಇತ್ತು.

ಅಷ್ಟರಲ್ಲಿ ತಡವಾಗಿ ಬಂದ ನೆಂಟರ ಗುಂಪೊಂದು ಗೇಟಿನೊಳಗೆ ಬಂತು. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತ ಮುದುಕಿ. ಪಕ್ಕದಲ್ಲಿ ಹಾಲಿನ ಓನರೇ ಕೈಕಟ್ಟಿ ನಿಂತಿದ್ದಾನೆ. ಹೆಣ್ಣಿನ ಕಡೆಯ ಹಿರಿಯರೇ ಇರಬೇಕೆಂದುಕೊಂಡು ಒಬ್ಬ ಹೆಂಗಸು ಬಗ್ಗಿ ಮಾನಮ್ಮನ ಕಾಲು ಮುಟ್ಟಿದಳು. ಮಾನಮ್ಮ ಗಾಬರಿಯಾಗಿ ಸುಜಾತಾಳ ಕಡೆ ನೋಡಿ, ಬೇರೆ ದಾರಿ ಕಾಣದೆ ಕೈ ಎತ್ತಿದಳು. ಬಾಯಲ್ಲಿ ಮಾತು ಹೊರಡಲಿಲ್ಲ.

ಒಬ್ಬರು ಮುಟ್ಟಿದ ಮೇಲೆ ಹಿಂದಿನವರು ಬಿಡುತ್ತಾರೆಯೇ? ಒಬ್ಬೊಬ್ಬರಾಗಿ ಬಗ್ಗಿದರು. ಎರಡನೆಯವನಿಗೂ ಬರೀ ಕೈ. ಆಮೇಲೆ ಬಂದವಳಿಗೆ, "ಚಲೋ..." ಎಂದಳು ಮಾನಮ್ಮ. ಉಳಿದದ್ದು ಉಸಿರಿಗೆ ಸಿಗದೆ ಹೋಯಿತು. ಒಬ್ಬ ಮುದುಕನಿಗೆ, "ಚಲೋ... ಇರ್ರಿ." ಮಗು ಎತ್ತಿಕೊಂಡವಳಿಗೆ, "ಚಲೋ ಇರವ್ವ."

ಸುಜಾತಾ ಅತ್ತೆಯ ಬೆನ್ನ ಮೇಲೆ ಕೈ ಇಟ್ಟಿದ್ದಳು. ಸೀಟಿ ಇನ್ನೂ ಇತ್ತು, ಆದರೆ ದೂರ ಹೋಗುವ ರೈಲಿನದ್ದು. ಮುನೀಂದ್ರ ಆಶೀರ್ವಾದಗಳ ಉದ್ದವನ್ನು ಕಿವಿಗೊಟ್ಟು ಅಳೆಯುತ್ತಿದ್ದ. ಒಳಗಿನಿಂದ ಬಂದ ಹುಡುಗಿಯ ಮಾವ, "ಜನರೇಟರ್ ಹಾಕಿಸ್ತೀರೋ ಇಲ್ವೋ?" ಎಂದಾಗ ಅವನು ತಿರುಗಲೂ ಇಲ್ಲ. "ಲೈಟಿಗೂ ಫ್ಯಾನಿಗೂ ಲೈನ್ ಕರೆಂಟ್ ಸಾಕು, ಸ್ವಿಚ್ ತಿರುಗಿಸಿ ಅದ್ರಲ್ಲೇ ಮಾಡ್ಕೊಳ್ಳಿ ಸ್ವಾಮಿ. ಏಸಿ ಇವತ್ತಿಗೆ ಇಲ್ಲ. ಪೈಪ್ ಮೇಲಕ್ಕೆ ಹೋಗೋವರ್ಗೂ ಇಲ್ಲ."

"ಬ್ಯಾರೆ ಮದುವಿ ಅದಾವಲ್ರಿ," ಎಂದಳು ಸುಜಾತಾ ಮೆಲ್ಲಗೆ.

"ಸೆಖೆಲೇ ಆಗ್ಲಿ ಬಿಡಮ್ಮ." ಅವನು ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತ. "ಅಜ್ಜೀ, ನನ್ಗೊಂದು ಮಾತು ಹೇಳ್ಬಾರ್ದಾಗಿತ್ತಾ?"

ಮಾನಮ್ಮ ಅವನ ಮುಖ ನೋಡಿದಳು. ಉಸಿರು ಒಳಗೆಳೆದುಕೊಂಡಳು, ಅದು ತಡೆಯಿಲ್ಲದೆ ತಳದವರೆಗೆ ಹೋಯಿತು.

"ನಿನ್ನ ಎಣ್ಣಿ ಭಾಳ ಚಲೋ ಐತೆಪಾ, ವಾಸನಿ ಬಂತಂದ್ರ ಬಾಯಾಗ ನೀರು ಬರ್ತಾವ, ಆದ್ರ ಕುಂತಲ್ಲೇ ಕೊಲ್ತೈತಿ."

ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ ಹೇಳಿದ್ದಳು. ಮುನೀಂದ್ರ ಬೈಗುಳ ತಿಂದವನಂತೆ ತಲೆ ತಗ್ಗಿಸಲಿಲ್ಲ. ಸುಜಾತಾಳ ಕಡೆ ತಿರುಗಿ, "ಕೇಳಿಸ್ತಾ? ಪೂರ್ತಿ ಹೇಳಿದ್ರು!" ಎಂದ.